‘ತುಂಬ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ನಮ್ಮ ಕನ್ನಡದಲ್ಲಿ ‘ತುಂಬ’ ಎಂಬ ಮಾತು ಬಹು ಉದಾರ ಸ್ವಭಾವದ್ದಾಗಿದೆ. ಅದು ಯಾವ ಪದದ ನೆರೆಯಲ್ಲಿ ನಿಲ್ಲುವುದಕ್ಕೂ ಹಿಂಜರಿಯುವುದಿಲ್ಲ. ‘ತುಂಬ ಒಳ್ಳೆಯ ಹುಡುಗಿ’ ಎಂಬಲ್ಲಿ ಅದು ಗುಣವಾಚಕವನ್ನು ಸೇರಿದೆ. ‘ತುಂಬ ಮೆಲ್ಲಗೆ ನಡೆದಳು’ ಎಂಬಲ್ಲಿ ಕ್ರಿಯಾವಿಶೇಷಣವನ್ನು ಸೇರಿದೆ. ‘ಆ ಹಾಡನ್ನು ತುಂಬ ಮೆಚ್ಚಿದಳು’ ಎಂಬಲ್ಲಿ ಕ್ರಿಯಾಪದವನ್ನು ಸೇರಿದೆ. ‘ತುಂಬ ಕಷ್ಟದಲ್ಲಿದ್ದಾಳೆ’ ಎಂಬಲ್ಲಿ ಸಪ್ತಮೀ ವಿಭಕ್ತಿಯುಳ್ಳ ನಾಮಪದವನ್ನು ಸೇರಿದೆ. ನಾಲ್ಕು ಕಡೆಯಲ್ಲಿಯೂ ಮಾತು ಒಂದೇ. ಇವೇ ನಾಲ್ಕು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ಮೊದಲಿನ ಎರಡಕ್ಕೆ ‘ವೆರಿ’ ಎಂತಲೂ, ಮೂರನೆಯದಕ್ಕೆ ‘ವೆರಿ ಮಚ್’ ಎಂತಲೂ, ನಾಲ್ಕನೆಯದಕ್ಕೆ ‘ಗ್ರೇಟ್’ ಎಂತಲೂ ಬೇರೆ ಬೇರೆ ಪದಗಳನ್ನು ಇಡಬೇಕಾಗುತ್ತದೆ. ಕನ್ನಡವನ್ನಾಡುವ ಮನೆಯಿಂದ ಬಂದ ವಿದ್ಯಾರ್ಥಿನಿಯು ‘ಐ ವೆರಿ ಲೈಕ್ ದಿಸ್ ಸಾಂಗ್’ ಎಂದು ಬರೆದರೆ ಅದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಅವಳು ತನ್ನ ತಾಯಿನುಡಿಯ ನಿಯಮವನ್ನು ಕ್ರಮವಾಗಿ ನಡೆಸಿದ್ದಾಳೆ. ಆ ನಿಯಮವು ಇಂಗ್ಲಿಷಿನಲ್ಲಿ ನಡೆಯುವುದಿಲ್ಲ, ಅಷ್ಟೇ.

ಈ ವಿಷಯವನ್ನು ಕುರಿತು ನಾವು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುವುದಕ್ಕೆ ಕಾರಣವುಂಟು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಕಡೆಗಳ ಮನೆಗಳಿಂದ ಶಾಲೆಗೆ ಬರುವ ಹೆಣ್ಣು ಮಕ್ಕಳಲ್ಲಿ ಅನೇಕರು ಇಂಗ್ಲಿಷನ್ನು ಪುಸ್ತಕದಿಂದಲೇ ಕಲಿಯತಕ್ಕವರು. ಹತ್ತನೆಯ ತರಗತಿಯು ಮುಗಿದು ಕೆಲವು ವರ್ಷಗಳಾದ ಮೇಲೆ ಅವರು ಕಾಲೇಜಿಗೋ, ಆಸ್ಪತ್ರೆಗೋ, ಕಚೇರಿಗೋ ಇಂಗ್ಲಿಷಿನಲ್ಲಿ ಅರ್ಜಿಯನ್ನು ಬರೆಯಬೇಕಾಗುತ್ತದೆ. ಆ ಅರ್ಜಿಯನ್ನು ಓದುವವರು ಅವರ ಮುಖವನ್ನು ನೋಡಿದವರಲ್ಲ. ಅವರ ಶ್ರಮವನ್ನು ಬಲ್ಲವರಲ್ಲ. ಕಾಗದದ ಮೇಲಿನ ನಾಲ್ಕು ಸಾಲುಗಳೇ ಅವರ ಪರವಾಗಿ ಮಾತನಾಡಬೇಕು. ಅಂಥಲ್ಲಿ ಪ್ರಮಾಣವನ್ನು ತಿಳಿಸುವ ಒಂದು ಸಣ್ಣ ಪದವು ಸ್ಥಾನ ತಪ್ಪಿದರೆ ಭಾಷೆ ಒರಟಾಗಿ ಕಾಣುತ್ತದೆ. ಕೆಲವೊಮ್ಮೆ ಅರ್ಥವೇ ತಲೆಕೆಳಗಾಗುತ್ತದೆ. ‘ನಾನು ಕಷ್ಟಪಟ್ಟು ದುಡಿಯುತ್ತೇನೆ’ ಎಂದು ಹೇಳಲು ಹೊರಟವಳು ‘ನಾನು ದುಡಿಯುವುದೇ ಇಲ್ಲವೆನ್ನಬಹುದು’ ಎಂದು ಬರೆದುಬಿಡುವ ಸಂಭವವೂ ಉಂಟು. ಅದು ಹೇಗೆಂಬುದನ್ನು ಮುಂದೆ ತೋರಿಸುವೆವು.

1. ಮೂಲದಲ್ಲಿರುವ ಭೇದ

‘ಎಷ್ಟು?’ ಎಂಬ ಪ್ರಶ್ನೆಗೆ ಉತ್ತರವಾಗಿ ನಿಲ್ಲುವ ಕ್ರಿಯಾವಿಶೇಷಣಗಳನ್ನು ಪ್ರಮಾಣವಾಚಕಗಳೆಂದು ಕರೆಯೋಣ. ಇಂಗ್ಲಿಷಿನಲ್ಲಿ ವೆರಿ, ಮಚ್, ಸೋ, ಟೂ, ಕ್ವೈಟ್, ರಾದರ್, ಆಲ್ಮೋಸ್ಟ್, ಹಾರ್ಡ್ಲಿ, ಇನಫ್, ಕಂಪ್ಲೀಟ್ಲಿ ಮುಂತಾದವು ಈ ವರ್ಗಕ್ಕೆ ಸೇರಿದವು. ಕನ್ನಡದಲ್ಲಿ ತುಂಬ, ಬಹಳ, ಬಲು, ತೀರ, ಅತಿಯಾಗಿ, ಸ್ವಲ್ಪ, ಸಾಕಷ್ಟು ಮುಂತಾದವು ಇವಕ್ಕೆ ಸಮಾನವಾದವು.

ಈ ಪದಗಳು ಎಲ್ಲಿಂದ ಹುಟ್ಟಿದವೆಂಬುದನ್ನು ವಿಚಾರಿಸಿದರೆ ಅವುಗಳ ನಡತೆಯು ಬಹುಮಟ್ಟಿಗೆ ತಿಳಿಯುತ್ತದೆ. ‘ತುಂಬ’ ಎಂಬುದು ‘ತುಂಬು’ ಎಂಬ ಧಾತುವಿನಿಂದ ಬಂದುದು; ಅದರ ಅರ್ಥವು ‘ತುಂಬುವಂತೆ’ ಎಂದು. ‘ತೀರ’ ಎಂಬುದು ‘ತೀರು’ ಎಂಬ ಧಾತುವಿನಿಂದ ಬಂದುದು. ‘ಮುಗಿದುಹೋಗುವಷ್ಟು’ ಎಂದು ಅದರ ಅರ್ಥ. ಹಳಗನ್ನಡದ ‘ಮಿಗೆ’ ಎಂಬುದಕ್ಕೆ ‘ಮಿಗು’ ಎಂಬುದೇ ಮೂಲ. ಹೀಗೆ ನಮ್ಮ ಪ್ರಮಾಣವಾಚಕಗಳಲ್ಲಿ ಮುಖ್ಯವಾದವು ಕ್ರಿಯಾಧಾತುಗಳ ಮಕ್ಕಳಾಗಿರುವುದರಿಂದ ಅವು ಕ್ರಿಯಾಪದದ ಪಕ್ಕದಲ್ಲಿ ನಿಲ್ಲುವುದು ತವರುಮನೆಗೆ ಬಂದಂತೆಯೇ ಸರಿ.

ಇಂಗ್ಲಿಷಿನ ‘ವೆರಿ’ ಎಂಬುದರ ಕುಲವು ಬೇರೆ. ಅದು ಹಳೆಯ ಫ್ರೆಂಚ್ ಭಾಷೆಯಿಂದ ಬಂದುದು. ಮೊದಲಲ್ಲಿ ಅದು ಗುಣವಾಚಕವಾಗಿದ್ದು ‘ನಿಜವಾದ’ ಎಂಬ ಅರ್ಥವನ್ನು ಕೊಡುತ್ತಿತ್ತು. 1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲಿನಲ್ಲಿ, ಕಣ್ಣು ಮಬ್ಬಾದ ಇಸಾಕನು ಎದುರಿಗೆ ನಿಂತವನು ತನ್ನ ಮಗನಾದ ಏಸಾವನೇ ಹೌದೋ ಎಂದು ವಿಚಾರಿಸುವ ಸಂದರ್ಭದಲ್ಲಿ ಈ ಪದವು ಅದೇ ಹಳೆಯ ಅರ್ಥದಲ್ಲಿ ಬಂದಿದೆ. ‘ನಿಜವಾಗಿ ಒಳ್ಳೆಯ’ ಎಂಬುದು ಕ್ರಮೇಣ ‘ತುಂಬ ಒಳ್ಳೆಯ’ ಎಂದಾಯಿತು. ಗುಣದ ಪಕ್ಕದಲ್ಲಿ ಬೆಳೆದ ಈ ಪದವು ಇಂದಿಗೂ ಗುಣವಾಚಕವನ್ನೂ ಕ್ರಿಯಾವಿಶೇಷಣವನ್ನೂ ಮಾತ್ರ ಸೇರುತ್ತದೆ. ಕ್ರಿಯಾಪದದ ಹತ್ತಿರ ಒಂಟಿಯಾಗಿ ಹೋಗಲಾರದು. ‘ಮಚ್’ ಎಂಬ ಸಂಗಾತಿಯನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ಯಾಕೆಂದರೆ ‘ಮಚ್’ ಎಂಬುದು ಪರಿಮಾಣವನ್ನು ತಿಳಿಸುವ ಪದ. ಕ್ರಿಯೆಯನ್ನು ಅಳೆಯುವ ಯೋಗ್ಯತೆ ಅದಕ್ಕುಂಟು. ‘ವೆರಿ ಮಚ್’ ಎಂಬಲ್ಲಿ ‘ಮಚ್’ ಕ್ರಿಯೆಯನ್ನು ಅಳೆಯುತ್ತದೆ, ‘ವೆರಿ’ ಎಂಬುದು ‘ಮಚ್’ ಎಂಬುದನ್ನು ಹೆಚ್ಚಿಸುತ್ತದೆ.

ಆದುದರಿಂದ ಇಂಗ್ಲಿಷಿನಲ್ಲಿ ಪ್ರಮಾಣವಾಚಕವನ್ನು ಬಳಸುವುದಕ್ಕೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಯು ಒಂದೇ: ಅಳೆಯಲ್ಪಡುತ್ತಿರುವುದು ಯಾವುದು? ಗುಣವೋ, ಕ್ರಿಯೆಯೋ, ಸ್ಥಳವೋ, ಸ್ಥಿತಿಯೋ? ಮುಂದೆ ಹೇಳುವುದೆಲ್ಲವೂ ಈ ಒಂದು ಪ್ರಶ್ನೆಯ ವಿವರಣೆಯೇ ಆಗಿದೆ.

2. ಕ್ರಿಯಾಪದದೊಡನೆ

ಮೊದಲನೆಯದಾಗಿ ಸ್ಥಾನದ ವಿಚಾರ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುತ್ತದೆ. ಪ್ರಮಾಣವಾಚಕವು ಅದಕ್ಕೆ ಅಂಟಿಕೊಂಡು ಪೂರ್ವದಲ್ಲಿರುತ್ತದೆ. ‘ಅವಳು ಕನ್ನಡವನ್ನು ತುಂಬ ಪ್ರೀತಿಸುತ್ತಾಳೆ.’ ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು, ಕರ್ಮಪದ ಆಮೇಲೆ. ಇವೆರಡರ ನಡುವೆ ಇಂಗ್ಲಿಷು ಯಾರನ್ನೂ ಸುಲಭವಾಗಿ ಒಳಗೆ ಬಿಡುವುದಿಲ್ಲ. ‘ಶಿ ಲವ್ಸ್ ವೆರಿ ಮಚ್ ಕನ್ನಡ’ ಎಂದು ನಡುವೆ ನುಗ್ಗಿಸುವುದು ತಪ್ಪು. ಕರ್ಮಪದವು ಬಂದ ಮೇಲೆ ‘ಶಿ ಲವ್ಸ್ ಕನ್ನಡ ವೆರಿ ಮಚ್’ ಎನ್ನಬೇಕು. ಇಲ್ಲವೆ ಕ್ರಿಯಾಪದಕ್ಕೂ ಪೂರ್ವದಲ್ಲಿಟ್ಟು ‘ಶಿ ವೆರಿ ಮಚ್ ಲವ್ಸ್ ಕನ್ನಡ’ ಎನ್ನಬಹುದು. ಮೊದಲನೆಯದು ದಿನಬಳಕೆಯ ಕ್ರಮ. ಎರಡನೆಯದು ಸ್ವಲ್ಪ ಗಂಭೀರವಾದ ಕ್ರಮ.

‘ಮಚ್’ ಎಂಬುದು ಒಂಟಿಯಾಗಿ ಬರುವುದು ಸಾಮಾನ್ಯವಾಗಿ ನಿಷೇಧ ವಾಕ್ಯದಲ್ಲಿಯೂ ಪ್ರಶ್ನಾವಾಕ್ಯದಲ್ಲಿಯೂ ಮಾತ್ರ. ‘ಐ ಡು ನಾಟ್ ಲೈಕ್ ಇಟ್ ಮಚ್’ ಎಂಬುದು ಸರಿ. ‘ಐ ಲೈಕ್ ಇಟ್ ಮಚ್’ ಎಂಬುದು ಕಿವಿಗೆ ಹಿಡಿಸುವುದಿಲ್ಲ. ಆದರೆ ‘ಪ್ರಿಫರ್’, ‘ಅಪ್ರಿಷಿಯೇಟ್’ ಮುಂತಾದ ಕೆಲವು ಕ್ರಿಯಾಪದಗಳ ಪೂರ್ವದಲ್ಲಿ ‘ಮಚ್’ ಎಂಬುದು ಒಂಟಿಯಾಗಿಯೂ ನಿಲ್ಲುತ್ತದೆ. ‘ಐ ಮಚ್ ಪ್ರಿಫರ್ ಟೀ’ ಎಂದರೆ ‘ನನಗೆ ಚಹವೇ ಎಷ್ಟೋ ಮೇಲು’ ಎಂದರ್ಥ.

ಎರಡನೆಯದಾಗಿ ಕ್ರಿಯೆಯ ಸ್ವಭಾವದ ವಿಚಾರ. ಮೆಚ್ಚುವುದು, ಹೆದರುವುದು, ದುಃಖಿಸುವುದು ಇವುಗಳಿಗೆ ಮಟ್ಟವುಂಟು, ಆದರೆ ಕೊನೆಯೆಂಬುದಿಲ್ಲ. ಎಷ್ಟು ಮೆಚ್ಚಿದರೂ ಇನ್ನಷ್ಟು ಮೆಚ್ಚಬಹುದು. ಮುಗಿಸುವುದು, ಮರೆಯುವುದು, ಒಪ್ಪುವುದು, ನಾಶವಾಗುವುದು ಇವುಗಳಿಗೆ ಒಂದು ಗಡಿಯುಂಟು. ಅಲ್ಲಿಗೆ ಮುಟ್ಟಿದೆವೋ ಇಲ್ಲವೋ ಎಂಬುದೇ ಪ್ರಶ್ನೆ. ಮೊದಲನೆಯ ಬಗೆಗೆ ‘ವೆರಿ ಮಚ್’, ‘ಗ್ರೇಟ್ಲಿ’, ‘ಡೀಪ್ಲಿ’ ಎಂಬವು ತಕ್ಕವು. ಎರಡನೆಯ ಬಗೆಗೆ ‘ಕಂಪ್ಲೀಟ್ಲಿ’, ‘ಎಂಟೈರ್ಲಿ’, ‘ಆಲ್ಮೋಸ್ಟ್’, ‘ನಿಯರ್ಲಿ’ ಎಂಬವು ತಕ್ಕವು. ಇದು ಪರಕೀಯವಾದ ಸೂಕ್ಷ್ಮವೇನೂ ಅಲ್ಲ. ಕನ್ನಡದಲ್ಲಿಯೂ ನಾವು ‘ತುಂಬ ಮೆಚ್ಚಿದೆ’ ಎನ್ನುತ್ತೇವೆ, ‘ತುಂಬ ಮುಗಿಸಿದೆ’ ಎನ್ನುವುದಿಲ್ಲ. ‘ಪೂರ್ತಿ ಮುಗಿಸಿದೆ’ ಎನ್ನುತ್ತೇವೆ. ರ್‍ಯಾಂಡಾಲ್ಫ್ ಕ್ವರ್ಕರೂ ಅವರ ಸಂಗಡಿಗರೂ 1985ರಲ್ಲಿ ಪ್ರಕಟಿಸಿದ ದೊಡ್ಡ ಇಂಗ್ಲಿಷ್ ವ್ಯಾಕರಣದಲ್ಲಿ ಪ್ರಮಾಣವಾಚಕಗಳನ್ನು ಏರಿಸುವವು, ಇಳಿಸುವವು ಎಂದು ಎರಡಾಗಿ ವಿಭಾಗಿಸಿ, ಏರಿಸುವವುಗಳಲ್ಲಿ ತುತ್ತತುದಿಗೆ ಮುಟ್ಟಿಸುವವನ್ನೂ ಕೇವಲ ಮೇಲಕ್ಕೆ ಎತ್ತುವವನ್ನೂ ಬೇರೆ ಬೇರೆಯಾಗಿ ಎಣಿಸಿದ್ದಾರೆ. ಆ ವಿಭಾಗಕ್ಕೆ ಆಧಾರವಾದ ಅರಿವು ಕನ್ನಡವನ್ನಾಡುವ ಮಗುವಿನ ನಾಲಗೆಯ ಮೇಲೂ ಇದೆ.

ಗಡಿಯುಳ್ಳ ಕ್ರಿಯೆಗಳೊಡನೆ ಬರುವ ‘ಆಲ್ಮೋಸ್ಟ್’, ‘ನಿಯರ್ಲಿ’, ‘ಹಾರ್ಡ್ಲಿ’ ಎಂಬವು ಮುಖ್ಯ ಕ್ರಿಯಾಪದಕ್ಕೆ ಪೂರ್ವದಲ್ಲಿಯೇ ಇರಬೇಕು; ಸಹಾಯಕ ಕ್ರಿಯಾಪದವಿದ್ದರೆ ಅದು ಬಂದ ಮೇಲೆ ಇರಬೇಕು. ‘ಶಿ ಆಲ್ಮೋಸ್ಟ್ ಫೆಲ್’. ‘ಶಿ ಹ್ಯಾಸ್ ನಿಯರ್ಲಿ ಫಿನಿಷ್ಡ್’. ಕನ್ನಡದಲ್ಲಿ ‘ಆಲ್ಮೋಸ್ಟ್ ಫೆಲ್’ ಎಂಬುದಕ್ಕೆ ಒಂದು ಪದವನ್ನು ಹುಡುಕದೆ ವಾಕ್ಯರಚನೆಯಿಂದಲೇ ‘ಇನ್ನೇನು ಬೀಳುವುದರಲ್ಲಿದ್ದಳು’ ಎನ್ನುತ್ತೇವೆ. ಹೀಗೆ ಒಂದು ಭಾಷೆಯು ಪದದಿಂದ ಮಾಡುವ ಕೆಲಸವನ್ನು ಇನ್ನೊಂದು ಭಾಷೆಯು ರಚನೆಯಿಂದ ಮಾಡುವುದುಂಟು. ಪದಕ್ಕೆ ಪದವನ್ನಿಟ್ಟು ಭಾಷಾಂತರಿಸಲು ಹೋದರೆ ಇಂಥ ಕಡೆಗಳಲ್ಲಿಯೇ ಎಡವುತ್ತೇವೆ.

‘ಇನಫ್’ ಎಂಬುದು ಇವುಗಳಿಗೆ ವಿರುದ್ಧವಾಗಿ ಕ್ರಿಯಾಪದದ ಪರದಲ್ಲಿ ನಿಲ್ಲುತ್ತದೆ. ‘ಸಾಕಷ್ಟು ಓದಲಿಲ್ಲ’ ಎಂಬುದು ‘ಶಿ ಡಿಡ್ ನಾಟ್ ಸ್ಟಡಿ ಇನಫ್’ ಎಂದಾಗುತ್ತದೆ. ‘ಎ ಲಿಟ್ಲ್’, ‘ಎ ಲಾಟ್’, ‘ಎ ಗ್ರೇಟ್ ಡೀಲ್’ ಎಂಬವುಗಳ ಸ್ಥಾನವೂ ಅದೇ.

ಮೂರನೆಯದಾಗಿ ಸ್ನೇಹದ ವಿಚಾರ. ಕೆಲವು ಕ್ರಿಯಾಪದಗಳು ತಮಗೆ ಬೇಕಾದ ಪ್ರಮಾಣವಾಚಕವನ್ನು ತಾವೇ ಆರಿಸಿಕೊಂಡಿವೆ. ವಿಷಾದಿಸುವುದಕ್ಕೆ ‘ಡೀಪ್ಲಿ ರಿಗ್ರೆಟ್’; ಅರ್ಥಮಾಡಿಕೊಳ್ಳುವುದಕ್ಕೆ ‘ಫುಲ್ಲಿ ಅಂಡರ್‌ಸ್ಟ್ಯಾಂಡ್’; ಶಿಫಾರಸು ಮಾಡುವುದಕ್ಕೆ ‘ಸ್ಟ್ರಾಂಗ್ಲಿ ರೆಕಮೆಂಡ್’; ಆನಂದಪಡುವುದಕ್ಕೆ ‘ಥರೋಲಿ ಎಂಜಾಯ್’; ಒಪ್ಪುವುದಕ್ಕೆ ‘ಎಂಟೈರ್ಲಿ ಅಗ್ರೀ’; ಅಗತ್ಯವಿರುವುದಕ್ಕೆ ‘ಬ್ಯಾಡ್ಲಿ ನೀಡ್’. ಕೊನೆಯ ಉದಾಹರಣೆಯನ್ನು ನೋಡಿ ಆಶ್ಚರ್ಯಪಡಬೇಕಾಗಿಲ್ಲ. ‘ಬ್ಯಾಡ್ಲಿ’ ಎಂದರೆ ‘ಕೆಟ್ಟದಾಗಿ’ ಎಂದಲ್ಲವೇ ಎಂದು ಕೇಳಬಹುದು. ಪ್ರಮಾಣವಾಚಕವಾದ ಮೇಲೆ ಪದವು ತನ್ನ ಹಳೆಯ ಅರ್ಥವನ್ನು ಕಳಚಿಬಿಡುತ್ತದೆ. ನಮ್ಮಲ್ಲಿಯೂ ‘ಭಯಂಕರ ಚೆನ್ನಾಗಿದೆ’ ಎನ್ನುವವರು ಯಾರನ್ನೂ ಹೆದರಿಸುತ್ತಿಲ್ಲ. ಬೆಂಗಳೂರಿನ ಬೀದಿಗಳಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ‘ಸಖತ್’ ಎಂಬ ಪದಕ್ಕೆ ಪಾರಸಿ ಮೂಲದಲ್ಲಿ ‘ಗಟ್ಟಿಯಾದ, ಕಠಿಣವಾದ’ ಎಂಬ ಅರ್ಥ. ಆದರೂ ದೋಸೆ ಸಖತ್ತಾಗಿದೆಯೆಂದರೆ ಅದು ಕಲ್ಲಿನಂತಿದೆಯೆಂದು ಯಾರೂ ತಿಳಿಯುವುದಿಲ್ಲ. ಇಂಥ ಜೊತೆಗಳಿಗೆ ಸೂತ್ರವಿಲ್ಲ. ಒಳ್ಳೆಯ ಇಂಗ್ಲಿಷನ್ನು ಓದುವಾಗ ಅವನ್ನು ಜೊತೆಯಾಗಿಯೇ ಗುರುತು ಹಾಕಿಕೊಂಡು, ಜೊತೆಯಾಗಿಯೇ ನೆನಪಿನಲ್ಲಿಡಬೇಕು.

ಇಲ್ಲಿಗೆ ಸೇರಿದ ಇನ್ನೊಂದು ಸೂಕ್ಷ್ಮವುಂಟು. ಕ್ರಿಯಾಪದದಿಂದ ಹುಟ್ಟಿದ ಕೃದಂತವು ಗುಣವಾಚಕವಾಗಿ ನೆಲೆಗೊಂಡಿದ್ದರೆ ‘ವೆರಿ’ ಒಪ್ಪುತ್ತದೆ: ‘ವೆರಿ ಟಯರ್ಡ್’, ‘ವೆರಿ ಇಂಟರೆಸ್ಟೆಡ್’. ಅದರಲ್ಲಿ ಕ್ರಿಯೆಯ ಅಂಶವು ಇನ್ನೂ ಜೀವಂತವಾಗಿದ್ದರೆ ‘ಮಚ್’, ‘ಗ್ರೇಟ್ಲಿ’ ಎಂಬವು ಬೇಕು: ‘ಮಚ್ ಅಡ್ಮೈರ್ಡ್’, ‘ಗ್ರೇಟ್ಲಿ ಇಂಪ್ರೂವ್ಡ್’. ಎಚ್. ಡಬ್ಲ್ಯು. ಫೌಲರರು 1926ರಲ್ಲಿ ಪ್ರಕಟವಾದ ತಮ್ಮ ಪ್ರಯೋಗಕೋಶದಲ್ಲಿ ಈ ಭೇದವನ್ನು ಚರ್ಚಿಸಿದ್ದಾರೆ. ಇಲ್ಲಿಯೂ ಪ್ರಶ್ನೆ ಹಿಂದಿನದೇ: ಅಳೆಯುತ್ತಿರುವುದು ಗುಣವನ್ನೋ, ಕ್ರಿಯೆಯನ್ನೋ?

3. ಉಪಸರ್ಗದಿಂದ ಮೊದಲಾಗುವ ಪದಗುಚ್ಛದೊಡನೆ

ಕನ್ನಡದ ವಿಭಕ್ತಿಪ್ರತ್ಯಯಗಳೂ ‘ಒಳಗೆ’, ‘ಮೇಲೆ’, ‘ಆಚೆ’ ಮುಂತಾದ ಅವ್ಯಯಗಳೂ ನಾಮಪದದ ಪರದಲ್ಲಿ ಬರುತ್ತವೆ. ಇಂಗ್ಲಿಷಿನಲ್ಲಿ ಅದೇ ಕೆಲಸವನ್ನು ಮಾಡುವ ‘ಇನ್’, ‘ಆನ್’, ‘ಬಿಯಾಂಡ್’ ಮುಂತಾದವು ನಾಮಪದದ ಪೂರ್ವದಲ್ಲಿ ಬರುತ್ತವೆ. ಇವನ್ನು ಉಪಸರ್ಗಗಳೆಂದು ಕರೆಯೋಣ. ‘ಇನ್ ದ ಹೌಸ್’, ‘ಬಿಯಾಂಡ್ ಕೆಂಗೇರಿ’ ಎಂಬಂಥ ಪದಗುಚ್ಛಗಳನ್ನೂ ಪ್ರಮಾಣವಾಚಕದಿಂದ ಅಳೆಯಬಹುದು. ಆದರೆ ಇಲ್ಲಿಯೂ ‘ವೆರಿ’ ಎಂಬುದಕ್ಕೆ ಪ್ರವೇಶವಿಲ್ಲ. ‘ವೆರಿ ಇನ್ ದ ಹೌಸ್’ ಎಂದು ಯಾರೂ ಹೇಳುವುದಿಲ್ಲ. ಈ ಪದಗುಚ್ಛಗಳಲ್ಲಿ ಸ್ಥಳವನ್ನೂ ಕಾಲವನ್ನೂ ತಿಳಿಸುವವು ಒಂದು ಬಗೆ, ಸ್ಥಿತಿಯನ್ನು ತಿಳಿಸುವವು ಇನ್ನೊಂದು ಬಗೆ. ಎರಡಕ್ಕೂ ಕ್ರಮವು ಬೇರೆ.

ಸ್ಥಳ ಕಾಲಗಳನ್ನು ತಿಳಿಸುವ ಗುಚ್ಛಕ್ಕೆ ‘ರೈಟ್’, ‘ಸ್ಟ್ರೇಟ್’, ‘ಜಸ್ಟ್’, ‘ವೆಲ್’, ‘ಫಾರ್’ ಎಂಬ ಐದು ಚಿಕ್ಕ ಪದಗಳು ಮುಖ್ಯವಾದವು. ನಮ್ಮ ಭಾಗದ ಮೆಟ್ರೋ ರೈಲಿನಿಂದಲೇ ಉದಾಹರಣೆಗಳನ್ನು ಕೊಡುವೆವು. ನೇರಳೆ ಮಾರ್ಗವು 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಬಂದಿತು. 2023ರ ಅಕ್ಟೋಬರಿನಲ್ಲಿ ಅದರಿಂದ ಮುಂದಕ್ಕೆ ಚಲ್ಲಘಟ್ಟದವರೆಗೆ ಹೋಯಿತು. ಚಲ್ಲಘಟ್ಟವು ಕೆಂಗೇರಿಯ ಮುಂದಿನ ನಿಲ್ದಾಣ; ಆದುದರಿಂದ ಅದು ‘ಜಸ್ಟ್ ಬಿಯಾಂಡ್ ಕೆಂಗೇರಿ’, ಅಂದರೆ ಕೆಂಗೇರಿಗೆ ಸ್ವಲ್ಪವೇ ಆಚೆ. ವಿಜಯನಗರದ ನಿಲ್ದಾಣವನ್ನು ಬಿಟ್ಟ ಮೇಲೆ ಅನೇಕ ನಿಲ್ದಾಣಗಳನ್ನು ದಾಟಿ ಕೆಂಗೇರಿಗೆ ಬರಬೇಕು. ಆದುದರಿಂದ ಕೆಂಗೇರಿಯು ‘ವೆಲ್ ಬಿಯಾಂಡ್ ವಿಜಯನಗರ’, ಅಂದರೆ ವಿಜಯನಗರಕ್ಕೆ ಎಷ್ಟೋ ಆಚೆ. ರೈಲು ಚಲ್ಲಘಟ್ಟದವರೆಗೂ ಹೋಗುತ್ತದೆಂಬುದನ್ನು ಒತ್ತಿ ಹೇಳುವಾಗ ‘ರೈಟ್ ಅಪ್ ಟು ಚಲ್ಲಘಟ್ಟ’ ಎನ್ನಬೇಕು. ಶಾಲೆ ಬಿಟ್ಟೊಡನೆ ಎಲ್ಲಿಯೂ ನಿಲ್ಲದೆ ನೆಟ್ಟಗೆ ಮನೆಗೆ ಹೋಗುವುದಾದರೆ ‘ಸ್ಟ್ರೇಟ್ ಫ್ರಮ್ ಸ್ಕೂಲ್’. ಒಬ್ಬ ವಿದ್ಯಾರ್ಥಿನಿಯ ಅಂಕಗಳು ಸಾಮಾನ್ಯ ಮಟ್ಟಕ್ಕಿಂತ ಬಹಳ ಮೇಲಿದ್ದರೆ ‘ಫಾರ್ ಅಬವ್ ದ ಆವರೇಜ್’. ನಿಶ್ಚಿತವಾದ ಅಳತೆಯನ್ನೂ ಇದೇ ಸ್ಥಾನದಲ್ಲಿ ಇಡಬಹುದು: ಗಂಟೆ ಹೊಡೆದ ಹತ್ತು ನಿಮಿಷದ ಮೇಲೆ ಎಂಬುದು ‘ಟೆನ್ ಮಿನಿಟ್ಸ್ ಆಫ್ಟರ್ ದ ಬೆಲ್’ ಎಂದಾಗುತ್ತದೆ.

ಈ ‘ರೈಟ್’ ಎಂಬುದಕ್ಕೆ ಕನ್ನಡದಲ್ಲಿ ಒಂದು ಪದವನ್ನು ಹುಡುಕಿದರೆ ಸಿಕ್ಕಲಾರದು. ಆದರೆ ಅದರ ಕೆಲಸವನ್ನು ಮಾಡುವ ಎರಡು ಸೊಗಸಾದ ಉಪಾಯಗಳು ನಮ್ಮಲ್ಲಿವೆ. ಒಂದು ಅವಧಾರಣೆಯ ಏಕಾರ. ‘ಬಾಗಿಲಿನ ಹಿಂದೆ’ ಎಂಬುದಕ್ಕೆ ಏಕಾರವನ್ನು ಹತ್ತಿಸಿ ‘ಬಾಗಿಲಿನ ಹಿಂದೆಯೇ’ ಎಂದರೆ ಅದೇ ‘ರೈಟ್ ಬಿಹೈಂಡ್ ದ ಡೋರ್’. ಇನ್ನೊಂದು, ದ್ವಿರುಕ್ತಿಯ ಪ್ರಕರಣದಲ್ಲಿ ಎಲ್ಲ ವಿದ್ಯಾರ್ಥಿನಿಯರೂ ಓದಿರುವ ವಿಶೇಷ ರೂಪಗಳು. ‘ನಡುವೆ’ ಎಂಬುದು ದ್ವಿರುಕ್ತಿಯಾಗಿ ‘ನಟ್ಟನಡುವೆ’ ಎಂದಾಗುತ್ತದೆ; ‘ಕಡೆಗೆ’ ಎಂಬುದು ‘ಕಟ್ಟಕಡೆಗೆ’, ‘ಮೊದಲು’ ಎಂಬುದು ‘ಮೊತ್ತಮೊದಲು’, ‘ತುದಿ’ ಎಂಬುದು ‘ತುತ್ತತುದಿ’ ಎಂದಾಗುತ್ತವೆ. ‘ರೈಟ್ ಇನ್ ದ ಮಿಡ್ಲ್ ಆಫ್ ದ ರೋಡ್’ ಎಂಬುದನ್ನು ‘ರಸ್ತೆಯ ನಟ್ಟನಡುವೆ’ ಎನ್ನದೆ ಬೇರೆ ಹೇಗೆ ಕನ್ನಡಿಸಬಲ್ಲೆವು? ‘ರೈಟ್ ಅಟ್ ದ ಎಂಡ್’ ಎಂಬುದು ‘ಕಟ್ಟಕಡೆಗೆ’ ಅಲ್ಲದೆ ಮತ್ತೇನು? ಇಂಗ್ಲಿಷು ಹೊರಗಿನಿಂದ ಒಂದು ಪದವನ್ನು ತಂದು ಪೂರ್ವದಲ್ಲಿ ಇಡುತ್ತದೆ. ಕನ್ನಡವು ಇದ್ದ ಪದವನ್ನೇ ಮಡಿಸಿ ಬಿಗಿಮಾಡುತ್ತದೆ. ದಾರಿ ಎರಡು, ಸೇರುವ ಊರು ಒಂದೇ.

ಇಲ್ಲಿ ‘ವೆರಿ’ ಎಂಬುದರ ಹಳೆಯ ಕಥೆಯು ಮತ್ತೊಮ್ಮೆ ಪ್ರಯೋಜನಕ್ಕೆ ಬರುತ್ತದೆ. ‘ವೆರಿ ಇನ್ ದ ಮಿಡ್ಲ್’ ಎಂಬುದು ತಪ್ಪಾದರೂ ‘ಇನ್ ದ ವೆರಿ ಮಿಡ್ಲ್’ ಎಂಬುದು ಸರಿ. ಎರಡನೆಯದರಲ್ಲಿ ‘ವೆರಿ’ ಎಂಬುದು ಉಪಸರ್ಗವನ್ನು ಸೇರದೆ ಒಳಗಿರುವ ನಾಮಪದವನ್ನು ಸೇರಿದೆ. ಹಳೆಯ ಕಾಲದಂತೆ ಗುಣವಾಚಕವಾಗಿಯೇ ನಿಂತು ‘ನಿಜವಾದ ಮಧ್ಯ’ ಎಂಬ ಅರ್ಥವನ್ನು ಕೊಡುತ್ತಿದೆ. ಹಾಗೆಯೇ ‘ನಿಯರ್’ ಎಂಬುದು ಉಪಸರ್ಗದಂತೆ ಕಂಡರೂ ತನ್ನ ಗುಣವಾಚಕದ ಸ್ವಭಾವವನ್ನು ಬಿಟ್ಟುಕೊಟ್ಟಿಲ್ಲ. ಆದುದರಿಂದ ‘ವೆರಿ ನಿಯರ್ ದ ಸ್ಟೇಷನ್’ ಎಂಬುದು ನಿರ್ದೋಷವಾಗಿದೆ.

ಇನ್ನು ಸ್ಥಿತಿಯನ್ನು ತಿಳಿಸುವ ಗುಚ್ಛಗಳು. ‘ಇನ್ ಡೇಂಜರ್’, ‘ಇನ್ ನೀಡ್’, ‘ಇನ್ ಫೇವರ್’, ‘ಔಟ್ ಆಫ್ ಬ್ರೆತ್’, ‘ಅಟ್ ಈಸ್’ ಎಂಬವು ರೂಪದಲ್ಲಿ ‘ಇನ್ ದ ಹೌಸ್’ ಎಂಬುದರಂತೆಯೇ ಇದ್ದರೂ ತಿಳಿಸುವುದು ಸ್ಥಳವನ್ನಲ್ಲ, ಒಬ್ಬರ ಅವಸ್ಥೆಯನ್ನು. ‘ತುಂಬ ಅಪಾಯದಲ್ಲಿದ್ದಾಳೆ’ ಎಂಬುದನ್ನು ‘ವೆರಿ ಇನ್ ಡೇಂಜರ್’ ಎಂದರೆ ತಪ್ಪು. ಇವನ್ನು ಅಳೆಯುವುದಕ್ಕೆ ಮೂರು ದಾರಿಗಳುಂಟು. ಮೊದಲನೆಯದು, ಗುಚ್ಛದ ಒಳಗೆ ಹೋಗಿ ನಾಮಪದಕ್ಕೆ ಗುಣವಾಚಕವನ್ನು ಸೇರಿಸುವುದು: ‘ಇನ್ ಗ್ರೇಟ್ ಡೇಂಜರ್’, ‘ಇನ್ ಗ್ರೇಟ್ ನೀಡ್’. ಎರಡನೆಯದು, ಹೊರಗೆ ನಿಂತು ‘ವೆರಿ ಮಚ್’ ಎನ್ನುವುದು: ‘ವೆರಿ ಮಚ್ ಇನ್ ಫೇವರ್’. ಮೂರನೆಯದು, ಸ್ಥಿತಿಗೆ ಒಂದು ಗಡಿಯಿದ್ದರೆ ‘ಕಂಪ್ಲೀಟ್ಲಿ’ ಅಥವಾ ‘ಕ್ವೈಟ್’ ಎನ್ನುವುದು: ‘ಕಂಪ್ಲೀಟ್ಲಿ ಔಟ್ ಆಫ್ ಬ್ರೆತ್’, ‘ಕ್ವೈಟ್ ಅಟ್ ಈಸ್’. ಮೆಟ್ಟಿಲುಗಳನ್ನು ಓಡಿ ಹತ್ತಿ ಏದುಸಿರು ಬಿಡುತ್ತಿರುವವಳನ್ನು ನೆನೆದುಕೊಂಡರೆ ಮೂರನೆಯದು ಏಕೆ ತಕ್ಕುದೆಂಬುದು ಸ್ಪಷ್ಟವಾಗುತ್ತದೆ. ಉಸಿರು ಮುಗಿದೇ ಹೋಗಿದೆ, ಗಡಿಯು ಮುಟ್ಟಿದೆ. ಇತ್ತೀಚೆಗೆ ತರುಣ ತರುಣಿಯರ ಸಂಭಾಷಣೆಯಲ್ಲಿ ‘ಸೋ ಇನ್ ಲವ್’ ಎಂಬಂಥ ಪ್ರಯೋಗಗಳು ಕೇಳಿಬರುತ್ತಿವೆ. ಅವು ಮಾತಿಗೆ ಮಾತ್ರ. ಅರ್ಜಿಯಲ್ಲಿಯೂ ಉತ್ತರಪತ್ರಿಕೆಯಲ್ಲಿಯೂ ಅವಕ್ಕೆ ಸ್ಥಳವಿಲ್ಲ.

‘ಮಚ್’ ಎಂಬುದು ಒಂಟಿಯಾಗಿ ನಿಲ್ಲುವ ಗುಚ್ಛವೂ ಒಂದುಂಟು. ‘ಮಚ್ ಟು ಮೈ ಸರ್‌ಪ್ರೈಸ್’, ‘ಮಚ್ ಟು ಹರ್ ಡಿಲೈಟ್’ ಎಂಬಂತೆ ಮನಸ್ಸಿಗಾದ ಪರಿಣಾಮವನ್ನು ತಿಳಿಸುವಾಗ ‘ವೆರಿ’ ಬೇಕಾಗಿಲ್ಲ. ‘ನನಗೆ ಬಹಳ ಆಶ್ಚರ್ಯವಾಗುವಂತೆ’ ಎಂದು ನಾವು ಒಂದು ಉಪವಾಕ್ಯದಿಂದ ಹೇಳುವುದನ್ನು ಅವರು ನಾಲ್ಕು ಪದಗಳ ಗುಚ್ಛದಿಂದ ಹೇಳಿಬಿಡುತ್ತಾರೆ.

4. ಅರ್ಥವನ್ನೇ ಕೆಡಿಸುವ ಮೂರು ಪದಗಳು

ಇದುವರೆಗೆ ಹೇಳಿದ ತಪ್ಪುಗಳಿಂದ ಭಾಷೆಯ ಅಂದವು ಕೆಡುತ್ತದೆ. ಅರ್ಥವು ಹೇಗೋ ತಿಳಿಯುತ್ತದೆ. ಮುಂದೆ ಹೇಳುವ ಮೂರು ಪದಗಳಲ್ಲಿ ಅರ್ಥವೇ ಕೆಡುವುದರಿಂದ ಹೆಚ್ಚು ಎಚ್ಚರಿಕೆಯು ಬೇಕು.

ಮೊದಲನೆಯದು ‘ಟೂ’. ಇದು ‘ತುಂಬ’ ಅಲ್ಲ. ‘ಅತಿಯಾಗಿ’, ‘ಮಿತಿಮೀರಿ’ ಎಂದು ಇದರ ಅರ್ಥ. ‘ಐ ಲೈಕ್ ಮೈ ಟೀಚರ್ ಟೂ ಮಚ್’ ಎಂದರೆ ‘ನಮ್ಮ ಉಪಾಧ್ಯಾಯಿನಿಯನ್ನು ಮಿತಿಮೀರಿ ಮೆಚ್ಚುತ್ತೇನೆ, ಅಷ್ಟು ಮೆಚ್ಚಬಾರದಾಗಿತ್ತು’ ಎಂಬ ಅರ್ಥ ಬರುತ್ತದೆ. ಬೆಂಗಳೂರಿನಲ್ಲಿ ಹೊಗಳುವುದಕ್ಕಾಗಿಯೇ ‘ಟೂ ಗುಡ್’ ಎನ್ನುವುದು ರೂಢಿಯಾಗಿದೆ. ಗೆಳತಿಯರ ಮಧ್ಯದಲ್ಲಿ ಅದು ಸಲ್ಲುತ್ತದೆ, ಕಾಗದದ ಮೇಲೆ ಸಲ್ಲದು. ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯಲ್ಲಿರುವ ‘ಅತಿ’ಯೇ ಈ ‘ಟೂ’ ಎಂದು ನೆನಪಿಟ್ಟರೆ ಎಂದಿಗೂ ತಪ್ಪಾಗದು.

ಎರಡನೆಯದು ‘ಹಾರ್ಡ್ಲಿ’. ‘ಹಾರ್ಡ್’ ಎಂದರೆ ಕಷ್ಟಪಟ್ಟು. ‘ಸ್ಲೋ’ ಎಂಬುದು ‘ಸ್ಲೋಲಿ’ ಆಗುವಂತೆ ‘ಹಾರ್ಡ್’ ಎಂಬುದು ‘ಹಾರ್ಡ್ಲಿ’ ಆಗಬೇಕಲ್ಲವೇ ಎಂದು ಶ್ರದ್ಧೆಯುಳ್ಳ ವಿದ್ಯಾರ್ಥಿನಿಯೇ ಊಹಿಸುತ್ತಾಳೆ. ಊಹೆಯು ಕ್ರಮವಾಗಿದೆ, ಭಾಷೆಯು ಕ್ರಮವನ್ನು ತಪ್ಪಿದೆ. ‘ಹಾರ್ಡ್ಲಿ’ ಎಂದರೆ ‘ಇಲ್ಲವೆಂಬಷ್ಟು ಕಡಿಮೆ’ ಎಂದರ್ಥ. ‘ಐ ವರ್ಕ್ ಹಾರ್ಡ್’ ಎಂದರೆ ‘ನಾನು ಕಷ್ಟಪಟ್ಟು ದುಡಿಯುತ್ತೇನೆ’. ‘ಐ ಹಾರ್ಡ್ಲಿ ವರ್ಕ್’ ಎಂದರೆ ‘ನಾನು ದುಡಿಯುವುದೇ ಇಲ್ಲವೆನ್ನಬಹುದು’. ಅರ್ಜಿಯಲ್ಲಿ ಎರಡನೆಯದನ್ನು ಬರೆದ ಹುಡುಗಿಯು ತನಗೆ ವಿರುದ್ಧವಾಗಿ ತಾನೇ ಸಾಕ್ಷಿ ಹೇಳಿದಂತಾಯಿತು. ‘ಹಾರ್ಡ್’ ಎಂಬುದು ಕ್ರಿಯೆಯ ರೀತಿಯನ್ನು ಹೇಳಿ ಪರದಲ್ಲಿ ನಿಲ್ಲುತ್ತದೆ. ‘ಹಾರ್ಡ್ಲಿ’ ಎಂಬುದು ಪ್ರಮಾಣವನ್ನು ಹೇಳಿ ಪೂರ್ವದಲ್ಲಿ ನಿಲ್ಲುತ್ತದೆ. ಇದರಲ್ಲಿ ನಿಷೇಧಾರ್ಥವು ಆಗಲೇ ಇರುವುದರಿಂದ ಇದರೊಡನೆ ‘ನಾಟ್’ ಎಂಬುದನ್ನು ಮತ್ತೆ ಸೇರಿಸಕೂಡದು.

ಮೂರನೆಯದು ‘ಕ್ವೈಟ್’. ಇದು ಎರಡು ನಾಲಗೆಯುಳ್ಳ ಪದ. ಗಡಿಯುಳ್ಳ ಮಾತಿನೊಡನೆ ಇದು ‘ಪೂರ್ತಿಯಾಗಿ’ ಎಂಬ ಅರ್ಥವನ್ನು ಕೊಡುತ್ತದೆ: ‘ಐ ಕ್ವೈಟ್ ಅಗ್ರೀ’ ಎಂದರೆ ಸಂಪೂರ್ಣವಾಗಿ ಒಪ್ಪುತ್ತೇನೆ. ಗಡಿಯಿಲ್ಲದ ಮಾತಿನೊಡನೆ, ಮುಖ್ಯವಾಗಿ ಇಂಗ್ಲೆಂಡಿನ ಬಳಕೆಯಲ್ಲಿ, ‘ತಕ್ಕಮಟ್ಟಿಗೆ’ ಎಂಬ ಅರ್ಥವನ್ನು ಕೊಡುತ್ತದೆ: ‘ಐ ಕ್ವೈಟ್ ಲೈಕ್ ಇಟ್’ ಎಂದರೆ ಪರವಾಗಿಲ್ಲ, ಹಿಡಿಸಿತು. ಹೃತ್ಪೂರ್ವಕವಾಗಿ ಹೊಗಳಬೇಕಾದ ಕಡೆಯಲ್ಲಿ ‘ಕ್ವೈಟ್ ಗುಡ್’ ಎಂದು ಬರೆದರೆ ಹೊಗಳಿಕೆಯು ಅರ್ಧಕ್ಕೆ ಇಳಿಯುತ್ತದೆ. ‘ಕ್ವಯಟ್’ ಎಂಬ ಬೇರೊಂದು ಪದಕ್ಕೆ ‘ನಿಶ್ಶಬ್ದವಾದ’ ಎಂಬ ಅರ್ಥವಿರುವುದರಿಂದ ಕಾಗುಣಿತದಲ್ಲಿಯೂ ಜಾಗರೂಕತೆಯಿರಲಿ.

5. ತಪ್ಪೊಪ್ಪುಗಳ ಪಟ್ಟಿ

ವಿದ್ಯಾರ್ಥಿನಿಯರ ಅನುಕೂಲಕ್ಕಾಗಿ ಮೇಲೆ ಹೇಳಿದುದನ್ನು ಸಂಗ್ರಹಿಸಿ ಕೊಟ್ಟಿರುತ್ತೇವೆ.

‘ಐ ವೆರಿ ಲೈಕ್ ಮ್ಯೂಸಿಕ್’ ಎಂಬುದು ತಪ್ಪು; ‘ಐ ಲೈಕ್ ಮ್ಯೂಸಿಕ್ ವೆರಿ ಮಚ್’ ಎಂಬುದು ಒಪ್ಪು.

‘ಐ ಲೈಕ್ ವೆರಿ ಮಚ್ ಮ್ಯೂಸಿಕ್’ ಎಂಬುದೂ ತಪ್ಪು. ಕ್ರಿಯಾಪದವನ್ನೂ ಕರ್ಮಪದವನ್ನೂ ಅಗಲಿಸಬಾರದು.

‘ಶಿ ಈಸ್ ವೆರಿ ಇನ್ ನೀಡ್’ ಎಂಬುದು ತಪ್ಪು; ‘ಶಿ ಈಸ್ ಇನ್ ಗ್ರೇಟ್ ನೀಡ್’ ಎಂಬುದು ಒಪ್ಪು.

‘ದ ಸ್ಟೋನ್ ಈಸ್ ವೆರಿ ಇನ್ ದ ಮಿಡ್ಲ್’ ಎಂಬುದು ತಪ್ಪು. ‘ರೈಟ್ ಇನ್ ದ ಮಿಡ್ಲ್’ ಎಂದಾಗಲಿ ‘ಇನ್ ದ ವೆರಿ ಮಿಡ್ಲ್’ ಎಂದಾಗಲಿ ಹೇಳುವುದು ಒಪ್ಪು.

‘ಶಿ ಸ್ಟಡೀಸ್ ಹಾರ್ಡ್ಲಿ’ ಎಂಬುದು ತಪ್ಪು. ‘ಶಿ ಸ್ಟಡೀಸ್ ಹಾರ್ಡ್’ ಎಂಬುದು ಒಪ್ಪು.

‘ಥ್ಯಾಂಕ್ ಯೂ ಟೂ ಮಚ್’ ಎಂಬುದು ತಪ್ಪು. ‘ಥ್ಯಾಂಕ್ ಯೂ ವೆರಿ ಮಚ್’ ಎಂಬುದು ಒಪ್ಪು. ಚಿಕ್ಕ ಮಕ್ಕಳೂ ಬಲ್ಲ ಈ ಕೊನೆಯ ವಾಕ್ಯದಲ್ಲಿ ‘ಥ್ಯಾಂಕ್’ ಎಂಬುದು ಕ್ರಿಯಾಪದ, ‘ಯೂ’ ಎಂಬುದು ಕರ್ಮಪದ, ‘ವೆರಿ ಮಚ್’ ಎಂಬುದು ಪ್ರಮಾಣವಾಚಕ. ಈ ಮೂರರ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡವಳಿಗೆ ಎರಡನೆಯ ಪ್ರಕರಣದ ಮುಖ್ಯ ಸೂತ್ರವು ಕೈಯಲ್ಲಿಯೇ ಇದ್ದಂತೆ.

ಕೊನೆಯದಾಗಿ ಒಂದು ಮಾತು. ಫರ್ಡಿನೆಂಡ್ ಕಿಟ್ಟೆಲರು ಜರ್ಮನಿಯಿಂದ ಈ ದೇಶಕ್ಕೆ ಬಂದುದು 1853ರಲ್ಲಿ. ಅವರು ಕನ್ನಡವನ್ನು ಮೊದಲಕ್ಷರದಿಂದ ಕಲಿತು, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟನ್ನೂ 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡದ ವ್ಯಾಕರಣವನ್ನೂ ಪ್ರಕಟಪಡಿಸಿದರು. ಅಂಥ ವಿದ್ವಾಂಸರಿಗೂ ಪರಭಾಷೆಯ ಹಾದಿಯನ್ನು ತಿಳಿಯಲು ಒಂದು ಜೀವಮಾನವೇ ಬೇಕಾಯಿತು. ಹೀಗಿರಲು, ಹದಿನಾಲ್ಕು ವರ್ಷದ ಹುಡುಗಿಯು ಒಂದು ‘ವೆರಿ’ಯನ್ನು ತಪ್ಪು ಸ್ಥಳದಲ್ಲಿಟ್ಟಳೆಂದು ನಗುವುದು ವಿವೇಕವಲ್ಲ, ಹಾಗೆ ನಗುವವರಿಗೆ ಅಂಜಿ ಅವಳು ಬಾಯಿ ಮುಚ್ಚಿಕೊಳ್ಳುವುದೂ ಸರಿಯಲ್ಲ. ತನ್ನ ತಪ್ಪಿನ ಹಿಂದೆ ಕನ್ನಡದ ಒಂದು ನಿಯಮವಿದೆಯೆಂಬುದನ್ನು ಅರಿತವಳು ಆ ತಪ್ಪನ್ನು ಬೇಗನೆ ದಾಟುತ್ತಾಳೆ. ದಾಟುವಾಗ ಎರಡು ಭಾಷೆಗಳನ್ನೂ ಮೊದಲಿಗಿಂತ ಚೆನ್ನಾಗಿ ತಿಳಿಯುತ್ತಾಳೆ. ಬರೆಯಲು ಲೇಖನಿಯನ್ನೆತ್ತಿದಾಗ ಅವಳು ಕೇಳಿಕೊಳ್ಳಬೇಕಾದುದು ಇಷ್ಟೇ: ನಾನು ಅಳೆಯುತ್ತಿರುವುದು ಯಾವುದನ್ನು? ಈ ಪ್ರಶ್ನೆಗೆ ಉತ್ತರ ಸಿಕ್ಕಿತೆಂದರೆ ತಕ್ಕ ಪದವೂ ಅದರ ಸ್ಥಾನವೂ ಬಹುತೇಕ ತಾವಾಗಿಯೇ ಒದಗುವುವು.